ಯಾರೂ ಏನನ್ನೂ ಕ್ಲಿಕ್ ಮಾಡದಿದ್ದರೂ ವರ್ಮ್ ಹರಡುವುದು ಹೇಗೆ?

ಆಫೀಸಿನಲ್ಲಿ ಯಾರೂ ಅನುಮಾನದ ಮೇಲ್ ತೆರೆದಿಲ್ಲ, ಆದರೂ ಹತ್ತಾರು ವಿಂಡೋಸ್ ಕಂಪ್ಯೂಟರ್‌ಗಳಿಗೆ ವರ್ಮ್ (ತನ್ನ ಪ್ರತಿಗಳನ್ನು ತಾನೇ ಹರಡುವ ಕೇಡಿನ ಪ್ರೋಗ್ರಾಂ) ಹತ್ತಿದೆ, ಕ್ಲೀನ್ ಮಾಡಿದರೂ ಮತ್ತೆ ಬರುತ್ತಿದೆ ಅಂತ ಕೇಳಿದ್ದೀರಿ. ನಿಮ್ಮವರ ತಪ್ಪು ಹುಡುಕಬೇಡಿ. ವೈರಸ್ ಹರಡಬೇಕಾದರೆ ಸೋಂಕಿರುವ ಫೈಲನ್ನು ಯಾರಾದರೂ ತೆರೆಯಬೇಕು. ಎಷ್ಟೋ ವರ್ಮ್‌ಗಳಿಗೆ ಅದರ ಅಗತ್ಯವೇ ಇಲ್ಲ, ಕಂಪ್ಯೂಟರ್ ಆನ್ ಆಗಿ ನೆಟ್‌ವರ್ಕ್‌ನಲ್ಲಿದ್ದರೆ ಸಾಕು.

ಒಳಹೊಕ್ಕ ವರ್ಮ್ ಮೊದಲು ಅಕ್ಕಪಕ್ಕದ ಐಪಿ ವಿಳಾಸಗಳನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಕಂಪ್ಯೂಟರಿಗಿರುವ ಸಂಖ್ಯೆಗಳನ್ನು, ಒಂದೊಂದಾಗಿ ತಟ್ಟುತ್ತದೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಹುಡುಕಿದ್ದು 445ನೇ ಪೋರ್ಟನ್ನು, ಅಂದರೆ ವಿಂಡೋಸ್ ಫೈಲ್ ಹಂಚಿಕೆಯ ಬಾಗಿಲನ್ನು. ಆ ಹಂಚಿಕೆ ನಡೆಸುವ ಎಸ್‌ಎಂಬಿ ಎಂಬ ವ್ಯವಸ್ಥೆಯ ಹಳೆಯ ಆವೃತ್ತಿಯ (ಎಸ್‌ಎಂಬಿ 1) ಲೋಪವೊಂದನ್ನು ಬಳಸಿ, ಪಾಸ್‌ವರ್ಡೇ ಇಲ್ಲದೆ ತನ್ನ ಪ್ರತಿಯನ್ನು ಆಚೆಯ ಯಂತ್ರದಲ್ಲಿ ಓಡಿಸುತ್ತಿತ್ತು. ಆ ಲೋಪಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ (ಲೋಪ ಮುಚ್ಚುವ ಅಪ್‌ಡೇಟ್) ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಮತ್ತೆ ಮತ್ತೆ ಬರುವುದಕ್ಕೂ ಕಾರಣ ಇಲ್ಲೇ ಇದೆ. 2003ರ ಎಸ್‌ಕ್ಯೂಎಲ್ ಸ್ಲ್ಯಾಮರ್ ಎಂಬ ವರ್ಮ್ ಬರೀ 376 ಬೈಟಿನದು, ಡಿಸ್ಕಿಗೆ ಏನನ್ನೂ ಬರೆಯುತ್ತಿರಲಿಲ್ಲ. ಸರ್ವರನ್ನು ರೀಸ್ಟಾರ್ಟ್ ಮಾಡಿದರೆ ಮಾಯ! ಆದರೆ ಲೋಪ ಹಾಗೇ ಉಳಿದಿರುತ್ತಿದ್ದರಿಂದ ನೆಟ್‌ವರ್ಕಿಗೆ ಮರಳಿದೊಡನೆ ಮತ್ತೆ ಹತ್ತುತ್ತಿತ್ತು. ಒಂದೊಂದೇ ಕಂಪ್ಯೂಟರ್ ಕ್ಲೀನ್ ಮಾಡುತ್ತ ಕೂತರೆ ನಿಮ್ಮಲ್ಲೂ ಆಗುವುದು ಅದೇ.

ಪ್ಯಾಚ್ ಒಂದೇ ಸಾಲದು ಅನ್ನುವುದನ್ನು 2017ರ ಜೂನ್‌ನಲ್ಲಿ, ಅಂದರೆ ವಾನಾಕ್ರೈ ಬಂದ ಮರುತಿಂಗಳೇ, ನಾಟ್‌ಪೆಟ್ಯಾ ಎಂಬ ಇನ್ನೊಂದು ವರ್ಮ್ ತೋರಿಸಿತು. ಅದು ಸೋಂಕಿದ ಯಂತ್ರದ ಮೆಮೊರಿಯಿಂದ ಅಡ್ಮಿನ್ ಲಾಗಿನ್ ವಿವರ ಕದ್ದು, ಪ್ಯಾಚ್ ಆಗಿದ್ದ ಯಂತ್ರಗಳಿಗೂ ಅಧಿಕೃತವಾಗಿಯೇ ಲಾಗಿನ್ ಆಗುತ್ತಿತ್ತು. ಎಲ್ಲ ಕಂಪ್ಯೂಟರಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟಿದ್ದರೆ ಇವತ್ತೇ ಬದಲಾಯಿಸಿ, ಒಂದೊಂದಕ್ಕೆ ಒಂದೊಂದು. ಸೋಂಕಿರುವ ಯಂತ್ರಕ್ಕೆ ಡೊಮೈನ್ ಅಡ್ಮಿನ್ (ಆಫೀಸಿನ ಎಲ್ಲ ಕಂಪ್ಯೂಟರ್‌ಗಳ ಮೇಲೂ ಅಧಿಕಾರವಿರುವ ಖಾತೆ) ಆಗಿ ಲಾಗಿನ್ ಆಗಲೇಬೇಡಿ. ಸರಿಮಾಡಲು ಹೋದವರೇ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಗುತ್ತದೆ.

ಈಗ ಮಾಡಬೇಕಾದ್ದು: ಎಲ್ಲ ಯಂತ್ರಗಳ ನೆಟ್‌ವರ್ಕ್ ಕೇಬಲ್ ಕಿತ್ತು ವೈಫೈ ಆಫ್ ಮಾಡಿ, ಸೋಂಕು ಕಂಡವನ್ನು ಮಾತ್ರ ಅಲ್ಲ. ಕೀಳುವ ಮೊದಲು ಸಾಧ್ಯವಾದರೆ ಒಂದೆರಡರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್ (netstat, ಆ ಯಂತ್ರದ ನೆಟ್‌ವರ್ಕ್ ಸಂಪರ್ಕಗಳನ್ನು ಪಟ್ಟಿಮಾಡುವ ಕಮಾಂಡ್) ಓಡಿಸಿ ನೋಡಿ. ಸಂಬಂಧವೇ ಇಲ್ಲದ ಸಾಲುಸಾಲು ವಿಳಾಸಗಳ 445ಕ್ಕೆ ಸಂಪರ್ಕ ಯತ್ನ ಕಂಡರೆ ಆ ಯಂತ್ರ ಹರಡುತ್ತಿದೆ ಅಂತಲೇ ಹಿಡಿಯಿರಿ. ಪ್ಯಾಚನ್ನು ಸೋಂಕಿಲ್ಲದ ಬೇರೆ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ, ಹೊಸ ಪೆನ್‌ಡ್ರೈವ್‌ನಲ್ಲಿ ತನ್ನಿ. ಒಂದು ಯಂತ್ರಕ್ಕೆ ಚುಚ್ಚಿದ್ದನ್ನು ಹಾಗೇ ಇನ್ನೊಂದಕ್ಕೆ ಚುಚ್ಚಬೇಡಿ, ಕಾನ್‌ಫಿಕರ್ ಎಂಬ ವರ್ಮ್ ಪೆನ್‌ಡ್ರೈವ್ ಮೂಲಕವೂ ಹರಡಿತ್ತು. ಸೋಂಕಿದವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕುವುದೇ ನನ್ನ ಸಲಹೆ. ವರ್ಮ್ ಹೋದರೂ ಅದು ತೆರೆದಿಟ್ಟ ಹಿಂಬಾಗಿಲು ಉಳಿದಿರಬಹುದು. ಪ್ಯಾಚ್ ಹಾಕಿ, ಎಸ್‌ಎಂಬಿ 1 ಆಫ್ ಮಾಡಿದ ಮೇಲಷ್ಟೇ ಕೇಬಲ್ ಜೋಡಿಸಿ. ಬ್ಯಾಕಪ್ ಡಿಸ್ಕನ್ನು ಅಲ್ಲಿಯವರೆಗೆ ಯಾವುದಕ್ಕೂ ಹಚ್ಚಬೇಡಿ.

ಪ್ಯಾಚೇ ಸಿಗದ ಹಳೆಯ ವಿಂಡೋಸ್ ಯಂತ್ರವೊಂದು ಮೂಲೆಯಲ್ಲಿದ್ದರೆ ಅದನ್ನು ಬೇರೆ ವಿಎಲ್ಯಾನ್‌ಗೆ (ಉಳಿದವುಗಳಿಂದ ಬೇರ್ಪಡಿಸಿದ ನೆಟ್‌ವರ್ಕ್ ಭಾಗಕ್ಕೆ) ಹಾಕಿ, ಅಲ್ಲಿಂದ 445 ಆಚೆ ದಾಟದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿ.