ಸಿಗರೇಟು ಬಿಟ್ಟ ಮೇಲೆ ಕೆಮ್ಮು ಹೆಚ್ಚಾದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

46 ವರ್ಷ, ಹೋಟೆಲೊಂದರಲ್ಲಿ ಕ್ಯಾಷಿಯರ್. 24 ವರ್ಷದಿಂದ ದಿನಕ್ಕೆ 15 ಸಿಗರೇಟು. ಬೆಳಿಗ್ಗೆ ಎದ್ದ ಹತ್ತು ನಿಮಿಷದೊಳಗೆ ಮೊದಲನೆಯದು. ಬಿಟ್ಟ 11ನೇ ದಿನ ಹೆಂಡತಿಯ ಜೊತೆ ನಮ್ಮ ಬಳಿ ಸಲಹೆಗೆ ಬಂದರು. “ಸೇದುವಾಗಲೇ ಚೆನ್ನಾಗಿದ್ದೆ ಮೇಡಂ. ಈಗ ಕೆಮ್ಮು, ಬಾಯಿಹುಣ್ಣು, ಹೊಟ್ಟೆ ಸರಿ ಹೋಗಲ್ಲ, ನಿದ್ದೆನೂ ಇಲ್ಲ.” ಆ ದಿನ ಬೆಳಿಗ್ಗೆ ಅರ್ಧ ಸಿಗರೇಟು ಎಳೆದಾಗ ಕೆಮ್ಮು ನಿಂತಿತಂತೆ. ಅದನ್ನೇ ಅವರು ಸಾಕ್ಷಿಯಾಗಿ ಮುಂದಿಟ್ಟರು.

ಕೆಮ್ಮು ನಿಂತದ್ದು ನಿಜ, ಕಾರಣ ಮಾತ್ರ ಬೇರೆ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿವೆ. ಹೊಗೆ ಅವನ್ನು ಜಡಗೊಳಿಸುತ್ತದೆ. ಬಿಟ್ಟ ಮೇಲೆ ಅವು ಮತ್ತೆ ಕೆಲಸಕ್ಕೆ ಇಳಿಯುತ್ತವೆ, ಹಳೆಯ ಕಫ ಮೇಲೆ ಬರುತ್ತದೆ. ಅವರ ಕರ್ಚೀಫಿನಲ್ಲಿದ್ದ ಕಂದು ಬಣ್ಣದ ಕಫವನ್ನು ತೋರಿಸಿಯೇ ಇದನ್ನು ಹೇಳಿದೆವು. ಆದರೂ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ರಕ್ತ ಕಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಸೇದುವವರಲ್ಲಿ ಕ್ಷಯದ ಅಪಾಯ ಹೆಚ್ಚು.

ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಬಾಯಿಹುಣ್ಣು ಹಲವರಿಗೆ ಬರುತ್ತದೆ, ತಾನಾಗಿ ಮಾಯುತ್ತದೆ. ಮೂರು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ ಎಂದೆವು. ಮಲಬದ್ಧತೆಗೂ ಕಾರಣವಿದೆ: ಕರುಳನ್ನು ಚುರುಕುಗೊಳಿಸುತ್ತಿದ್ದ ನಿಕೋಟಿನ್ ಈಗ ಇಲ್ಲ. ರಾತ್ರಿ ಒಂದು ಲೋಟ ನೀರಿಗೆ ಎರಡು ಚಮಚ ಇಸಬ್‌ಗೋಲ್, ಊಟದಲ್ಲಿ ಸೊಪ್ಪು, ಪಪ್ಪಾಯ ಸೂಚಿಸಿದೆವು.

ನಿದ್ದೆಯ ವಿಷಯ ಕೇಳುತ್ತಾ ಹೋದಾಗ ಗೊತ್ತಾಯಿತು: ದಿನಕ್ಕೆ ಆರು ಕಾಫಿ! ಸಿಗರೇಟಿನ ಹೊಗೆ ಕೆಫೀನನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತದೆ. ಬಿಟ್ಟ ಮೇಲೆ ಅದೇ ಆರು ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಎದೆ ಡವಡವ, ಸಿಡುಕು, ನಿದ್ರಾಭಂಗ ತರುತ್ತದೆ. ಇದನ್ನೇ ಜನ ಚಟದ ಸೆಳೆತವೆಂದು ತಪ್ಪು ತಿಳಿಯುತ್ತಾರೆ. ಮೂರಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡ ಎಂದೆವು. ಆಸ್ತಮಾಕ್ಕೆ ಥಿಯೊಫಿಲಿನ್ ಅಥವಾ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಸಿಗರೇಟು ಬಿಟ್ಟಾಗ ಅವುಗಳ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು, ಇವರಿಗೆ ಅದಿರಲಿಲ್ಲ.

ಅಂಗಡಿಯಿಂದ ತಂದ ನಿಕೋಟಿನ್ ಗಮ್ ಕೆಲಸ ಮಾಡಲಿಲ್ಲ ಎಂದರು. ಕಾಫಿ ಗುಟುಕರಿಸುತ್ತಾ ಐದು ನಿಮಿಷ ಎಡೆಬಿಡದೆ ಜಗಿದಿದ್ದರು. ಹಾಗೆ ಜಗಿದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ಕಾಫಿಯ ಆಮ್ಲದಿಂದ ಬಾಯಿ ಅದನ್ನು ಹೀರುವುದೂ ಕಡಿಮೆ. ಮೆಣಸಿನಂತೆ ಚುರುಗುಟ್ಟುವವರೆಗೆ ನಿಧಾನ ಜಗಿದು, ಕೆನ್ನೆ-ಒಸಡಿನ ನಡುವೆ ಇಟ್ಟುಕೊಂಡು, ಚುರುಕು ಆರಿದಾಗ ಮತ್ತೆ ಜಗಿಯಬೇಕು; ಹೀಗೆ ಅರ್ಧ ಗಂಟೆ. ಹದಿನೈದು ನಿಮಿಷ ಮೊದಲು ಏನೂ ತಿನ್ನಬಾರದು, ಕುಡಿಯಬಾರದು. ಬಾಯಲ್ಲಿ ಹುಣ್ಣಿದ್ದುದರಿಂದ ಸದ್ಯಕ್ಕೆ ಗಮ್ ನಿಲ್ಲಿಸಿ, ವೈದ್ಯರು ಚರ್ಮಕ್ಕೆ ಅಂಟಿಸುವ 21 ಮಿ.ಗ್ರಾಂ ನಿಕೋಟಿನ್ ಪ್ಯಾಚ್ ಬರೆದರು: ಆರು ವಾರ, ಮುಂದೆ 14 ಮತ್ತು 7 ಎರಡೆರಡು ವಾರ. ಪ್ರತಿದಿನ ಬೇರೆ ಜಾಗ, ಒಣ ಚರ್ಮದ ಮೇಲೆ. ಕನಸು ಹೆಚ್ಚಾದರೆ ರಾತ್ರಿ ತೆಗೆದಿಡುವುದು.

ಒಳ್ಳೆಯದೂ ಆಗುತ್ತಿದೆ, ಕಾಣುತ್ತಿಲ್ಲ ಅಷ್ಟೆ, ಎಂದು ಲೆಕ್ಕ ಕೊಟ್ಟೆವು. ಎರಡು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿದಿದೆ. ಎರಡು ವಾರದಿಂದ ಮೂರು ತಿಂಗಳಲ್ಲಿ ಉಸಿರು ಸಲೀಸಾಗುತ್ತದೆ. ವರ್ಷ ತುಂಬುವಾಗ, ಸೇದುವುದರಿಂದ ಹೆಚ್ಚಿದ್ದ ಹೃದ್ರೋಗದ ಅಪಾಯ ಅರ್ಧಕ್ಕೆ ಬರುತ್ತದೆ. ನಾಲ್ಕೈದು ಕೆ.ಜಿ. ತೂಕ ಏರಬಹುದು, ಅದಕ್ಕೆ ಹೆದರಿ ಮತ್ತೆ ಸೇದಬೇಡಿ. ಬೇಕೆನಿಸುವ ಸೆಳೆತ ಮೂರರಿಂದ ಐದು ನಿಮಿಷ. ಗಲ್ಲಾ ಬಿಟ್ಟು ಎದ್ದು ತಣ್ಣೀರು ಕುಡಿಯಲು ಅಷ್ಟು ಹೊತ್ತು ಸಾಕು. ಉಚಿತ ಸಹಾಯವಾಣಿ 1800-11-2356 ಕೂಡ ಬರೆದುಕೊಟ್ಟೆವು.

ಐದನೇ ವಾರ ಮತ್ತೆ ಬಂದರು. ಕಫ ಪರೀಕ್ಷೆ ಸರಿಯಿತ್ತು, ಹುಣ್ಣು ಮಾಯ್ದಿತ್ತು. ಮದುವೆಯೊಂದರಲ್ಲಿ ಒಂದು ಸೇದಿದೆನೆಂದು ತಲೆ ತಗ್ಗಿಸಿದರು. ಜಾರಿದ್ದೇ ಹೊರತು ಬಿದ್ದಿಲ್ಲ, ಪ್ಯಾಚ್ ನಿಲ್ಲಿಸಬೇಡಿ, ಅದೇ ಅಳತೆ ಮುಂದುವರಿಸಿ ಎಂದೆವು. ಮಹಡಿಯ ಸ್ಟೋರಿಗೆ ಮೂರು ಸಲ ಹತ್ತಿಳಿದರೂ ಏದುಸಿರಿಲ್ಲ ಎಂದು ಈ ಸಲ ಹೆಂಡತಿಯೇ ಹೇಳಿದರು.