66 ನೇರಳೆ, 14 ಬಿಳಿ: ಇದನ್ನು 3:1 ಎನ್ನಬಹುದೇ?

ನೇರಳೆ ಹೂವಿನ ಅಲಸಂಡೆಗೆ ಬಿಳಿ ಹೂವಿನದ್ದರ ಪರಾಗ ಹಾಕಿ, ಕುಂಬಳೆಯಲ್ಲಿ ಸುಗ್ಗಿ ಕೊಯ್ದ ಗದ್ದೆಯಲ್ಲಿ ಎಫ್2 (ಆ ಅಡ್ಡತಳಿಯ ಮೊದಲ ಪೀಳಿಗೆ ಎಫ್1, ಅದರ ಬೀಜದಿಂದ ಬಂದ ಎರಡನೇ ಪೀಳಿಗೆ ಎಫ್2) ಬೆಳೆಸಿದ್ದೀರಿ. 80 ಗಿಡಗಳಲ್ಲಿ 66 ನೇರಳೆ, 14 ಬಿಳಿ. ಬಿಳಿಯ ಸಂಭವನೀಯತೆ 14/80 ಎಂದು ಬರೆಯಬೇಕೋ, ಒಂದೇ ಜೀನ್ ಇದ್ದರೆ ಬರುವ 3:1ರಂತೆ 1/4 ಎಂದೋ ಅಂತ ಕೇಳಿದ್ದೀರಿ.

ಎಣಿಕೆ ಹೇಳುವ ಅಂದಾಜು 0.175. ಅದರ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಳತೆ) √(0.175 × 0.825 ÷ 80), ಅಂದರೆ 0.042. ಇದರ ಎರಡು ಪಟ್ಟು ಆಚೀಚೆ ಹಿಡಿದರೆ 0.09ರಿಂದ 0.26. 1/4 ಅದರೊಳಗೇ ಬರುತ್ತದೆ. ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆ ಎಂದು ಅಳೆಯುವ ಕೈ ಸ್ಕ್ವೇರ್ ಪರೀಕ್ಷೆ ಕೂಡ ಅದನ್ನೇ ಹೇಳುತ್ತದೆ: ನಿರೀಕ್ಷೆ 60:20, ಆದ್ದರಿಂದ 36/60 + 36/20 = 2.4; ಮಿತಿ 3.84, ಅದನ್ನು ದಾಟಿದರೆ ಮಾತ್ರ ಅನುಪಾತ ಹೊಂದುವುದಿಲ್ಲ ಎನ್ನಬೇಕು. (ಗಿಡಗಳ ಲೆಕ್ಕವನ್ನೇ ಹಾಕಿ. ಶೇಕಡಾ ಹಾಕಿದರೆ ಇದೇ 2.4 ಸುಮ್ಮನೆ 3.0 ಆಗುತ್ತದೆ.) ಎರಡು ಜೀನ್ ಸೇರಿ ಬಣ್ಣ ನಿರ್ಧರಿಸಿದರೆ 9:7 ಅಥವಾ 13:3ರಂಥ ಅನುಪಾತ ಬರಬಹುದು. 9:7ಕ್ಕೆ 22.4 ಬರುತ್ತದೆ, ಅದನ್ನು ಬಿಟ್ಟುಬಿಡಿ. ತಲೆನೋವು 13:3ರದ್ದು. ಅದಕ್ಕೆ ಬರುವುದು ಬರೀ 0.08! ಹಾಗೆಂದು ಎರಡು ಜೀನ್ ಇವೆ ಎಂದು ಹೊರಡಬೇಡಿ. 3:1 ಮತ್ತು 13:3ನ್ನು ಎಣಿಕೆಯಿಂದಲೇ ಬೇರ್ಪಡಿಸಲು ಸುಮಾರು 350 ಗಿಡ ಬೇಕು.

ನಾನಾದರೆ ಮೊದಲು ಬೀಜ ಎಲ್ಲಿಂದ ಬಂತೆಂದು ನೋಡುತ್ತೇನೆ. ಹಲವು ಎಫ್1 ಗಿಡಗಳ ಬೀಜ ಒಟ್ಟಿಗೆ ಬೆರೆಸಿದ್ದೀರಾ? ಅಲಸಂಡೆ ಹೂ ಬಿರಿಯುವ ಮೊದಲೇ ಪರಾಗ ಚೆಲ್ಲಿಬಿಡುತ್ತದೆ. ಹಿಂದಿನ ದಿನ ಸಂಜೆ ಮೊಗ್ಗಿನ ಕೇಸರ ಪೂರ್ತಿ ಕೀಳದಿದ್ದರೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ನಿಮ್ಮ ತಾಯಿಗಿಡ ನೇರಳೆಯಾದ್ದರಿಂದ ಇಂಥ ಹುಸಿ ಎಫ್1 ಹೂ ನೋಡಿ ಗೊತ್ತಾಗದು, ಅದರ ಮರಿಗಳೂ ಎಲ್ಲ ನೇರಳೆಯೇ. ನಾಲ್ಕು ಎಫ್1ಗಳಿಂದ 20 ಗಿಡದಂತೆ ಬೆಳೆಸಿ ಅವುಗಳಲ್ಲೊಂದು ಹುಸಿಯಾಗಿದ್ದರೆ 80ಕ್ಕೆ 15 ಬಿಳಿ ನಿರೀಕ್ಷಿಸಬೇಕು. ಅದು 13:3ರ ಲೆಕ್ಕವೇ! ಹಾಗಾಗಿ ಪ್ರತಿ ಎಫ್1ಗೆ ಬೇರೆ ಲಕೋಟೆ, ಬೇರೆ ಸಾಲು. ಮುಂದಿನ ಸಲ ಬಿಳಿಯನ್ನೇ ತಾಯಿ ಮಾಡಿ. ಬಿಳಿ ಹೂ ಬಿಟ್ಟ ಎಫ್1ನ್ನು ಆಗಲೇ ಕಿತ್ತು ಬಿಸಾಡಬಹುದು. ಹುಟ್ಟದ ಬೀಜಗಳನ್ನೂ ಎಣಿಸಿ ಬರೆದಿಡಿ.

ಆಮೇಲೆ ಎಫ್3, ಅಂದರೆ ಎಫ್2 ಗಿಡಗಳ ಬೀಜದಿಂದ ಬರುವ ಪೀಳಿಗೆ. 66 ನೇರಳೆ ಗಿಡಗಳ ಬೀಜವನ್ನೂ ಪ್ರತ್ಯೇಕ ಬಿತ್ತಿ. 3:1 ನಿಜವಾದರೆ ಮೂರರಲ್ಲಿ ಎರಡು ಪಾಲು ಸಾಲುಗಳಲ್ಲಿ ಬಿಳಿ ಕಾಣಬೇಕು. ಒಂದು ಗಿಡದಿಂದ ಎಷ್ಟು ಬೀಜ ಬಿತ್ತಬೇಕೆಂಬುದೇ ಇಲ್ಲಿ ಮುಖ್ಯ. ಬಟಾಣಿಯಲ್ಲಿ 3:1 ಕಂಡುಹಿಡಿದ ಮೆಂಡೆಲ್ ಹತ್ತು ಬಿತ್ತಿದ್ದರು. ಒಳಗೆ ಬಿಳಿ ಗುಣ ಹೊತ್ತ ಗಿಡದ ಹತ್ತೂ ಮರಿಗಳು ನೇರಳೆಯಾಗುವ ಸಂಭವನೀಯತೆ 0.75ರ ಹತ್ತನೇ ಘಾತ, ಅಂದರೆ 0.056. ಅಷ್ಟು ಗಿಡಗಳನ್ನು ಶುದ್ಧವೆಂದು ತಪ್ಪಾಗಿ ಎಣಿಸುವ ಸಾಧ್ಯತೆಯನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ಎತ್ತಿ ತೋರಿಸಿದರು. 17 ಗಿಡ ಬೆಳೆಸಿದರೆ ಅದು 0.01ಕ್ಕಿಂತ ಕೆಳಗಿಳಿಯುತ್ತದೆ. ಸತ್ತುಹೋಗುವವನ್ನೂ ಸೇರಿಸಿ ಗಿಡಕ್ಕೆ 20 ಬೀಜದಂತೆ ಎತ್ತಿಡಿ.