ಜನೆಟ್ ರಾಂಕಿನ್ ಸೋತದ್ದು ಯುದ್ಧದ ವಿರುದ್ಧ ಮತ ಹಾಕಿದ್ದಕ್ಕೇನಾ?

ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಮಹಿಳೆ ಜನೆಟ್ ರಾಂಕಿನ್ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಪ್ರತಿ ಪ್ರಶ್ನೆಯ ಒಳಗೂ ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ತಪ್ಪು ಮಾಹಿತಿ ಅಡಗಿರುತ್ತದೆ. ಇವರ ಹುಟ್ಟು, ಓದು ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಮತ್ತೆ ಬರೆಯುವುದಿಲ್ಲ.

ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1920ರಲ್ಲಿ. ಹಾಗಿದ್ದರೆ ಇವರು 1916ರಲ್ಲಿ ಗೆದ್ದದ್ದು ಹೇಗೆ?

1920ರಲ್ಲಿ ಬಂದದ್ದು ದೇಶಕ್ಕೆಲ್ಲ ಅನ್ವಯಿಸುವ, ಸಂವಿಧಾನದ 19ನೇ ತಿದ್ದುಪಡಿ. ಅದಕ್ಕೆ ಮೊದಲು ಯಾರು ಮತ ಹಾಕಬಹುದು ಎಂಬುದನ್ನು ಆಯಾ ರಾಜ್ಯವೇ ತೀರ್ಮಾನಿಸುತ್ತಿತ್ತು. ವಯೋಮಿಂಗ್ 1869ರಲ್ಲೇ ಹೆಂಗಸರಿಗೆ ಹಕ್ಕು ಕೊಟ್ಟಿತ್ತು. ರಾಂಕಿನ್ ಅವರ ಮೊಂಟಾನಾದಲ್ಲಿ ಅದು ನವೆಂಬರ್ 1914ರಲ್ಲಿ ಬಂತು, ಅದಕ್ಕಾಗಿ ಊರೂರು ಸುತ್ತಿದವರಲ್ಲಿ ಅವರೇ ಮುಂದಿದ್ದರು. ಇನ್ನು ಸ್ಪರ್ಧಿಸುವ ಮಾತು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ನಿಲ್ಲುವವರಿಗೆ ಸಂವಿಧಾನ ಕೇಳುವುದು 25 ವರ್ಷ ವಯಸ್ಸು, 7 ವರ್ಷದ ಪೌರತ್ವ, ಆ ರಾಜ್ಯದಲ್ಲಿ ವಾಸ, ಇಷ್ಟೇ. ಗಂಡಸಾಗಿರಬೇಕೆಂದು ಎಲ್ಲಿಯೂ ಇಲ್ಲ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯುವುದು ಬೇಡವೆಂದು ಮತ ಹಾಕಿದರು, 1918ರಲ್ಲಿ ಸೋತರು. ಯುದ್ಧವಿರೋಧಕ್ಕೆ ಜನ ಕೊಟ್ಟ ಶಿಕ್ಷೆಯಲ್ಲವೇ ಇದು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಪರೀಕ್ಷೆಗೆ ಓದುವ ನೋಟ್ಸ್‌ಗಳು ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಅದು ಅರ್ಧ ಸತ್ಯ. ಉಳಿದರ್ಧ ತಿಳಿಯಬೇಕಾದರೆ ಅವರು 1916ರಲ್ಲಿ ಗೆದ್ದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಆಗ ಮೊಂಟಾನಾಕ್ಕೆ ಪ್ರತಿನಿಧಿ ಸಭೆಯಲ್ಲಿ ಇದ್ದದ್ದು ಎರಡು ಸ್ಥಾನ. ಎರಡಕ್ಕೂ ಇಡೀ ರಾಜ್ಯವೇ ಒಂದು ಕ್ಷೇತ್ರ. ಪ್ರತಿ ಮತದಾರನಿಗೆ ಎರಡು ಮತ, ಹೆಚ್ಚು ಮತ ಪಡೆದ ಮೊದಲ ಇಬ್ಬರು, ನಮ್ಮವರು ದಿಲ್ಲಿಗೆ ಹೋಗುವ ಹಾಗೆ, ವಾಷಿಂಗ್ಟನ್‌ಗೆ ಹೋಗುತ್ತಿದ್ದರು. ರಾಂಕಿನ್ ನಿಂತದ್ದು ರಿಪಬ್ಲಿಕನ್ ಪಕ್ಷದಿಂದ. ಅವರ ಪ್ರಚಾರದ ಜಾಣತನ ಇದ್ದದ್ದು ಈ ಎರಡನೇ ಮತದಲ್ಲಿ. 'ಒಂದು ಮತವನ್ನು ನಿಮ್ಮ ಕಡೆಯವನಿಗೇ ಹಾಕಿ, ಇನ್ನೊಂದನ್ನು ರಾಂಕಿನ್‌ಗೆ ಕೊಡಿ' ಎಂಬುದು ಕೇಳಿದ ರೀತಿ. ಹಾಗೆ ಕೇಳಿದರೆ ಡೆಮಾಕ್ರಟಿಕ್ ಪಕ್ಷದವನಿಗೂ ತನ್ನ ಪಕ್ಷವನ್ನು ಬಿಟ್ಟಂತೆ ಅನಿಸುವುದಿಲ್ಲ. ಅಣ್ಣತಮ್ಮಂದಿರ ಲೆಕ್ಕದಲ್ಲಿ ಅವರಿಗೆ ಒಬ್ಬನೇ ತಮ್ಮ, ವೆಲ್ಲಿಂಗ್ಟನ್ ರಾಂಕಿನ್. ವಕೀಲನಾಗಿದ್ದ ಆತನೇ ಚುನಾವಣೆಯ ಹಣ, ಲೆಕ್ಕಾಚಾರ ಎರಡನ್ನೂ ನೋಡಿಕೊಂಡ. ಫಲಿತಾಂಶ ಬಂದಾಗ ಡೆಮಾಕ್ರಟ್ ಜಾನ್ ಇವಾನ್ಸ್ ಮೊದಲ ಸ್ಥಾನ, ರಾಂಕಿನ್ ಎರಡನೇ ಸ್ಥಾನ. ಅಂದರೆ ಒಂದೇ ಕುರ್ಚಿ ಇದ್ದಿದ್ದರೆ ಆಗಲೇ ಸೋಲುತ್ತಿದ್ದರು. ಈ ಒಂದು ಮಾತನ್ನು ನೆನಪಿಟ್ಟುಕೊಂಡು ಮುಂದೆ ಓದಿ.

1917ರಲ್ಲಿ ರಾಜ್ಯದ ಶಾಸಕಾಂಗ ಮೊಂಟಾನಾವನ್ನು ಪಶ್ಚಿಮ, ಪೂರ್ವ ಎಂದು ಎರಡು ಕ್ಷೇತ್ರಗಳಾಗಿ ಒಡೆಯಿತು. ಇನ್ನು ಮೇಲೆ ಒಬ್ಬ ಮತದಾರನಿಗೆ ಒಂದೇ ಮತ. ರಾಂಕಿನ್‌ಗೆ ಬಲ ಕೊಟ್ಟಿದ್ದ ಎರಡನೇ ಮತ ಹೋಯಿತು. ಅವರ ಊರು ಮಿಸೌಲಾ ಬಂದದ್ದು ಪಶ್ಚಿಮ ಕ್ಷೇತ್ರಕ್ಕೆ. ಬ್ಯೂಟ್, ಅನಕೊಂಡಾದಂಥ ಗಣಿ ಪಟ್ಟಣಗಳೂ ಅಲ್ಲೇ, ಅವು ಡೆಮಾಕ್ರಟರ ಗಟ್ಟಿ ನೆಲೆ. ಸಾಲದ್ದಕ್ಕೆ ಇವಾನ್ಸ್ ಕೂಡ ಮಿಸೌಲಾದವರೇ. ಪೂರ್ವ ಕ್ಷೇತ್ರದಲ್ಲಿ ನಿಲ್ಲಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕಾನೂನಿನ ಅಡ್ಡಿ ಇರಲಿಲ್ಲ, ರಾಜ್ಯದಲ್ಲಿ ವಾಸವಿದ್ದರೆ ಸಾಕು. ಆದರೆ ತನ್ನ ಊರಿರುವ ಕ್ಷೇತ್ರ ಬಿಟ್ಟು ಬೇರೆ ಕಡೆ ನಿಲ್ಲುವುದು ಅಲ್ಲಿಯ ರೂಢಿಯಲ್ಲ.

ಹಾಗಾಗಿ ಉಳಿದದ್ದು ಸೆನೆಟ್, ಅಂದರೆ ಸಂಸತ್ತಿನ ಮೇಲ್ಮನೆ. ಅದಕ್ಕೆ ಇಡೀ ರಾಜ್ಯ ಮತ ಹಾಕುತ್ತದೆ. 1918ರಲ್ಲಿ ರಿಪಬ್ಲಿಕನ್ ಪಕ್ಷದೊಳಗಿನ ಆಯ್ಕೆ ಚುನಾವಣೆಯಲ್ಲಿ ಆಸ್ಕರ್ ಲ್ಯಾನ್‌ಸ್ಟ್ರಮ್ ಎದುರು ಸಣ್ಣ ಅಂತರದಲ್ಲಿ ಸೋತರು. ಅಷ್ಟಕ್ಕೆ ಬಿಡದೆ ನವೆಂಬರ್‌ನಲ್ಲಿ ನ್ಯಾಷನಲ್ ಪಾರ್ಟಿ ಎಂಬ ಸಣ್ಣ ಪಕ್ಷದಿಂದ ನಿಂತು ಮೂರನೆಯವರಾದರು. ಗೆದ್ದದ್ದು ಡೆಮಾಕ್ರಟ್ ಥಾಮಸ್ ವಾಲ್ಷ್.

ಇನ್ನೊಂದು ಕಾರಣ ತಾಮ್ರದ ಗಣಿ. ಇದನ್ನು ಬಿಟ್ಟು ಮೊಂಟಾನಾದ ರಾಜಕೀಯ ಬರೆಯುವವರನ್ನು ನಂಬಬೇಡಿ. 8 ಜೂನ್ 1917ರ ರಾತ್ರಿ ಬ್ಯೂಟ್‌ನ ಸ್ಪೆಕ್ಯುಲೇಟರ್ ಗಣಿಯಲ್ಲಿ ಬೆಂಕಿ ಬಿತ್ತು. ಬೆಂಕಿ ನಂದಿಸುವ ವ್ಯವಸ್ಥೆಗೆಂದೇ ಒಳಕ್ಕೆ ಇಳಿಸುತ್ತಿದ್ದ ಭಾರಿ ವಿದ್ಯುತ್ ಕೇಬಲ್ ಜಾರಿ ಬಿದ್ದಿತ್ತು. ಅದನ್ನು ನೋಡಲು ಇಳಿದವನ ಕಾರ್ಬೈಡ್ ದೀಪದ ಜ್ವಾಲೆ, ಕೇಬಲ್ ಸುತ್ತ ಸುತ್ತಿದ್ದ ಎಣ್ಣೆಬಟ್ಟೆಗೆ ತಗುಲಿತು. ಗಾಳಿ ಒಳಗೆಳೆಯುವ ಬಾವಿ ಅದಾದ್ದರಿಂದ ಹೊಗೆ, ವಿಷಾನಿಲ ಸುರಂಗಗಳಿಗೆಲ್ಲ ನುಗ್ಗಿತು. ಸತ್ತವರು 168 ಮಂದಿ. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ಆ ಅನಿಲ.

ಕಾರ್ಮಿಕರು ಮುಷ್ಕರ ಹೂಡಿದರು. ಅವರ ಮುಖ್ಯ ಬೇಡಿಕೆಗಳಲ್ಲೊಂದು 'ರಸ್ಲಿಂಗ್ ಕಾರ್ಡ್' ರದ್ದಾಗಬೇಕು ಎಂಬುದು. ಕಂಪನಿ ಕೊಡುವ ಈ ಚೀಟಿ ಕೈಯಲ್ಲಿಲ್ಲದವನು ಗಣಿಯ ಬಾಗಿಲಲ್ಲಿ ಕೆಲಸ ಕೇಳುವ ಹಾಗೂ ಇರಲಿಲ್ಲ. ಸಂಘಟನೆ ಕಟ್ಟಿದವನಿಗೆ ಚೀಟಿ ಸಿಗುತ್ತಿರಲಿಲ್ಲ. ರಾಂಕಿನ್ ಕಾರ್ಮಿಕರ ಪರ ನಿಂತರು. ಬೇಕಾದರೆ ಸರ್ಕಾರವೇ ಗಣಿಗಳನ್ನು ವಹಿಸಿಕೊಳ್ಳಲು ಅಧ್ಯಕ್ಷರಿಗೆ ಅಧಿಕಾರ ಕೊಡಬೇಕೆಂದು ಸಂಸತ್ತಿನಲ್ಲಿ ನಿರ್ಣಯ ಮಂಡಿಸಿದರು, ಆಗಸ್ಟ್‌ನಲ್ಲಿ ಬ್ಯೂಟ್‌ಗೇ ಹೋಗಿ ಗಣಿಗಾರರ ಮುಂದೆ ಮಾತಾಡಿದರು. ಅನಕೊಂಡಾ ತಾಮ್ರ ಕಂಪನಿಯ ಕೈ ರಾಜ್ಯದ ಶಾಸಕಾಂಗದಲ್ಲೂ ಪತ್ರಿಕೆಗಳಲ್ಲೂ ಆಡುತ್ತಿದ್ದ ಕಾಲ ಅದು. ಅದನ್ನು ಎದುರು ಹಾಕಿಕೊಂಡು ರಾಜ್ಯಮಟ್ಟದ ಚುನಾವಣೆ ಗೆಲ್ಲುವುದು ಸುಲಭವಿರಲಿಲ್ಲ.

ಯುದ್ಧದ ಮತದಿಂದ ಹಾನಿಯೇ ಆಗಲಿಲ್ಲ ಎಂದು ಹೇಳುತ್ತಿಲ್ಲ. ಫೆಬ್ರವರಿ 1918ರಲ್ಲಿ ಮೊಂಟಾನಾ ದೇಶದಲ್ಲೇ ಅತಿ ಕಟುವಾದ ರಾಜದ್ರೋಹ ಕಾನೂನು ತಂದಿತು, ಸರ್ಕಾರವನ್ನು ಬೈದವರು ಜೈಲಿಗೆ ಹೋದರು. ಅಂಥ ವಾತಾವರಣದಲ್ಲಿ ಆ 'ಬೇಡ' ಎಂಬ ಮತ ಅವರ ಬೆನ್ನು ಬಿಡಲಿಲ್ಲ. ಆದರೂ ಪಕ್ಷದೊಳಗಿನ ಆಯ್ಕೆಯಲ್ಲಿ ಗೆಲುವಿನ ಹತ್ತಿರಕ್ಕೆ ಬಂದರು ಎಂಬುದನ್ನು ಮರೆಯಬೇಡಿ. ಜನ ಛೀಮಾರಿ ಹಾಕಿ ಓಡಿಸಿದ್ದರೆ ಹಾಗಾಗುತ್ತಿರಲಿಲ್ಲ. ಕ್ಷೇತ್ರ ಒಡೆದದ್ದು, ಕಂಪನಿಯ ಹಗೆ, ಯುದ್ಧದ ಮತ, ಈ ಕ್ರಮದಲ್ಲೇ ಕಾರಣಗಳನ್ನು ಇಡಬೇಕೆಂಬುದು ನನ್ನ ಅಭಿಪ್ರಾಯ.

1917ರಲ್ಲಿ ಯುದ್ಧ ಬೇಡವೆಂದದ್ದು ಅವರೊಬ್ಬರೇ ಅಲ್ಲವೇ?

ಅಲ್ಲ. 6 ಏಪ್ರಿಲ್ 1917ರಂದು ಮತ ಬಿದ್ದದ್ದು 373–50, ಒಬ್ಬರೇ ನಿಂತದ್ದು ಎರಡನೇ ಅವಧಿಗೆ ಆರಿಸಿ ಬಂದಿದ್ದಾಗ, ಪರ್ಲ್ ಹಾರ್ಬರ್ ದಾಳಿಯ ಮರುದಿನ, 8 ಡಿಸೆಂಬರ್ 1941ರಂದು, 388–1.

ಮತ ಹಾಕುವಾಗ ಅತ್ತುಬಿಟ್ಟರಂತೆ?

ಬೇಡವೆಂದ ಉಳಿದ 49 ಗಂಡಸರ ಕಣ್ಣೀರನ್ನು ಯಾರೂ ವಿಚಾರಿಸುವುದಿಲ್ಲ. ಆ ರಾತ್ರಿ ಸದನದಲ್ಲಿ ಗಂಡಸರೂ ಅತ್ತಿದ್ದರು. ಈ ಪ್ರಶ್ನೆ ಇನ್ನು ಕಳಿಸಬೇಡಿ.

ಜೀವನದಲ್ಲಿ ಒಮ್ಮೆಯೂ ಯುದ್ಧದ ಪರ ಮತ ಹಾಕಲಿಲ್ಲ ಎಂಬುದು ನಿಜ ತಾನೆ?

ನಿಜವಲ್ಲ. ಡಿಸೆಂಬರ್ 1917ರಲ್ಲಿ ಆಸ್ಟ್ರಿಯಾ-ಹಂಗರಿಯ ಮೇಲೆ ಯುದ್ಧ ಸಾರುವ ನಿರ್ಣಯಕ್ಕೆ ಅವರು ಒಪ್ಪಿಗೆಯ ಮತ ಹಾಕಿದ್ದಾರೆ. ಆಗಲೇ ನಡೆಯುತ್ತಿರುವ ಯುದ್ಧದ ತಾಂತ್ರಿಕ ವಿಷಯ ಇದು ಎಂಬುದು ಅವರ ವಾದ. ಆ ದಿನ ಒಂಟಿಯಾಗಿ ವಿರೋಧಿಸಿದ್ದು ನ್ಯೂಯಾರ್ಕಿನ ಸೋಷಲಿಸ್ಟ್ ಸದಸ್ಯ ಮೇಯರ್ ಲಂಡನ್ (ಇದು ಅವರ ಹೆಸರು, ಹುದ್ದೆಯಲ್ಲ). 1941ರಲ್ಲಿ ಜರ್ಮನಿ, ಇಟಲಿಯ ನಿರ್ಣಯಗಳು ಬಂದಾಗ ರಾಂಕಿನ್ ಹೌದು, ಅಲ್ಲ ಎರಡನ್ನೂ ಹೇಳದೆ 'ಹಾಜರು' ಎಂದಷ್ಟೇ ದಾಖಲಿಸಿದರು. ಗೌರವ ಇಟ್ಟುಕೊಂಡವರು ಇದನ್ನೆಲ್ಲ ಮುಚ್ಚಿಟ್ಟು ಪೋಸ್ಟರ್ ಮಾಡುವುದು ಅವರಿಗೆ ಮಾಡುವ ಅನ್ಯಾಯ.

19ನೇ ತಿದ್ದುಪಡಿಗೆ ಅವರೇ ಮತ ಹಾಕಿದರೇ?

10 ಜನವರಿ 1918ರಂದು ಪ್ರತಿನಿಧಿ ಸಭೆಯಲ್ಲಿ ಚರ್ಚೆ ಆರಂಭಿಸಿದ್ದೂ ಅವರೇ, ಪರವಾಗಿ ಮತ ಹಾಕಿದ್ದೂ ಹೌದು. ಮಸೂದೆ 274–136ರಿಂದ ಗೆದ್ದಿತು, ಆದರೆ ಸೆನೆಟ್‌ನಲ್ಲಿ ಬಿದ್ದುಹೋಯಿತು. ಕೊನೆಗೆ ಕಾನೂನಾದ ತಿದ್ದುಪಡಿಯ ಮೇಲೆ ಮತದಾನ ನಡೆದದ್ದು 1919ರ ಮೇ, ಜೂನ್‌ನಲ್ಲಿ. ಆಗ ಅವರು ಸದನದಲ್ಲೇ ಇರಲಿಲ್ಲ. ಉತ್ತರ ಬರೆಯುವಾಗ ವರ್ಷ ಹಾಕಿ.

ಮೊದಲ ಮಹಿಳಾ ಸೆನೆಟರ್ ಕೂಡ ಅವರೇ?

ಅಲ್ಲ, 1922ರಲ್ಲಿ ಜಾರ್ಜಿಯಾದ ರೆಬೆಕಾ ಫೆಲ್ಟನ್.

ಗಾಂಧೀಜಿಯ ಪ್ರಭಾವದಿಂದಲೇ 1917ರಲ್ಲಿ ಯುದ್ಧವನ್ನು ವಿರೋಧಿಸಿದರು ಎಂದು ಓದಿದೆ.

ಕ್ಯಾಲೆಂಡರ್ ನೋಡಿ. ರಾಂಕಿನ್ ಮತ ಹಾಕಿದ್ದು 6 ಏಪ್ರಿಲ್. ಗಾಂಧೀಜಿ ಚಂಪಾರಣ್ಯಕ್ಕೆ ಹೊರಟು ಪಾಟ್ನಾದಲ್ಲಿ ಇಳಿದದ್ದು ಏಪ್ರಿಲ್ 10ಕ್ಕೆ. ರಾಂಕಿನ್ ಅವರ ಯುದ್ಧವಿರೋಧ ಬೆಳೆದದ್ದು ಅಮೆರಿಕದ ಮಹಿಳಾ ಚಳವಳಿ, ಸಮಾಜಸೇವೆಯ ಒಡನಾಟದಲ್ಲಿ. ಗಾಂಧೀಜಿಯ ದಾರಿಯನ್ನು ಅವರು ಗಂಭೀರವಾಗಿ ಅಭ್ಯಾಸ ಮಾಡಿದ್ದು ನಂತರ, ಎರಡನೇ ಅವಧಿ ಮುಗಿಸಿದ ಮೇಲೆ ಭಾರತಕ್ಕೆ ಮತ್ತೆ ಮತ್ತೆ ಬಂದರು, ಮೊದಲ ಸಲ ಬಂದದ್ದು 1946ರಲ್ಲಿ. ಆ ಅಭ್ಯಾಸದ ಫಲ ನೋಡಬೇಕೆಂದರೆ 15 ಜನವರಿ 1968ಕ್ಕೆ ಹೋಗಿ. ವಿಯೆಟ್ನಾಂ ಯುದ್ಧದ ವಿರುದ್ಧ ಸಾವಿರಾರು ಹೆಂಗಸರು ವಾಷಿಂಗ್ಟನ್‌ನಲ್ಲಿ ಮೆರವಣಿಗೆ ಹೋದರು, ಮುಂದೆ ನಡೆದವರು 87 ವರ್ಷದ ರಾಂಕಿನ್.